ಕಸ ಗುಡಿಸಲು ಬಿಡದ ಮದ್ದು

ಕಾಂದಿವಲಿಯ ಒಂದು ಪೆಥಾಲಜಿ ಲ್ಯಾಬಿನ ಕೌಂಟರಿನಲ್ಲಿ ಮೊನ್ನೆ ಆ ಗಂಟೆ ಕಂಡಿತು. ಅರ್ಧ ತೆಂಗಿನ ಚಿಪ್ಪನ್ನು ಬೋರಲು ಹಾಕಿದ ಹಾಗಿರುವ ಸ್ಟೀಲಿನ ಗಂಟೆ. ನೆತ್ತಿಯ ಮೇಲಿನ ಗುಂಡಿಯನ್ನು ಅಂಗೈಯಿಂದ ಕುಟ್ಟಿದರೆ ಟಿಂಗ್ ಅನ್ನುತ್ತದೆ. ನಾನು ಅಮ್ಮನ ಶುಗರ್ ರಿಪೋರ್ಟ್ ತರಲು ಹೋದವಳು. ಕೌಂಟರಿನ ಹುಡುಗಿ ರಿಪೋರ್ಟ್ ಕೊಡುವುದು ಬಿಟ್ಟು ‘ಫುಲ್ ಬಾಡಿ ಡಿಟಾಕ್ಸ್ ಪ್ರೊಫೈಲ್’ ಎಂಬ ಪ್ಯಾಕೇಜನ್ನು ನನಗೆ ಮಾರಲು ಹೊರಟಿದ್ದಳು. ನಾನು ಸುಮ್ಮನಿರುವವಳಲ್ಲ. ಯಾವ ವಿಷ, ದೇಹದ ಯಾವ ಭಾಗದಲ್ಲಿದೆ, ಹೊರಹೋದದ್ದನ್ನು ಅಳೆಯುವುದು ಹೇಗೆ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಹಿಂದೆ ನಿಂತಿದ್ದವನೊಬ್ಬನಿಗೆ ತಾಳ್ಮೆ ಕೆಟ್ಟಿತು. ಕೈ ಚಾಚಿ ಗಂಟೆಯನ್ನು ಕುಟ್ಟಿದ.

ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ವಾಕ್ಯದ ನಡುವೆ, ಕ್ರಿಯಾಪದ ಇನ್ನೂ ಬಾಕಿ ಇರುವಾಗ…

ಆ ಸದ್ದಿಗೆ ಬಾಯಿ ಮುಚ್ಚುವುದನ್ನು ನನಗೆ ಕಲಿಸಿದ್ದು ಗಂಟೆ ಮಾಮ.

ಸಂಬಂಧದಲ್ಲಿ ಮಾಮ ಏನಲ್ಲ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರು. ಉಡುಪಿ ಕಡೆಯವರೆಲ್ಲ ನಮಗೆ ಮಾಮಂದಿರೇ ಆದ್ದರಿಂದ ಇವರೂ ಮಾಮ, ಇವರ ಹೆಂಡತಿ ಮಾಮಿ. ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರು ಮಾಡಿ, ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಮ್ಯಾನೇಜರ್ ಆದವರು. ಭಾನುವಾರಗಳಲ್ಲಿ ಮಾತ್ರ ಅವರಿಗೆ ಬೇರೊಂದು ಅಧಿಕಾರವಿತ್ತು. ನಮ್ಮ ಕನ್ನಡ ಸಂಘದ ಚರ್ಚಾಸ್ಪರ್ಧೆಗಳಲ್ಲಿ ಅವರೇ ಕಾಯಂ ಸಮಯಪಾಲಕ. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಇರುತ್ತಿದ್ದ ಗಂಟೆಯನ್ನೇ ಟವೆಲಿನಲ್ಲಿ ಸುತ್ತಿ ತರುತ್ತಿದ್ದರು. ಒಂದು ಸಲ ಹೊಡೆದರೆ ಎಚ್ಚರಿಕೆ, ಮುಗಿಸಿಕೋ ಎಂದು. ಆಮೇಲೂ ಮುಗಿಸದಿದ್ದರೆ ಬಿಡದೆ ಟಿಂಗ್ ಟಿಂಗ್ ಟಿಂಗ್ ಎಂದು, ಭಾಷಣಕಾರ ಮೈಕು ಬಿಟ್ಟು ಇಳಿಯುವ ತನಕ.

ಶಾಲೆಯಲ್ಲಿದ್ದಾಗಿನಿಂದ ನಾನು ಆ ವೇದಿಕೆಯಲ್ಲಿ ವಾದ ಮಾಡಿದವಳು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಚೀಟಿಯಲ್ಲಿ ಯಾವುದು ಬಂದರೂ ಸೈ. ಗೆದ್ದು ಇಳಿದಾಗ ಮಾಮನ ಹತ್ತಿರ ಹೋಗಿ ‘ಹೇಗಿತ್ತು?’ ಎಂದರೆ, ‘ನನಗೆ ಎಂತ ಗೊತ್ತು? ಯಾರು ಎಂತ ಹೇಳಿದರು ಅಂತ ಜಡ್ಜ್‌ನವರು ನೋಡಿಕೊಳ್ತಾರೆ. ಎಷ್ಟು ಹೊತ್ತು ಹೇಳಿದರು ಅಂತ ಮಾತ್ರ ನಾನು ನೋಡುವುದು. ನೀನು ಜಾಸ್ತಿ ಹೇಳಿದ್ದಿ’ ಎನ್ನುತ್ತಿದ್ದರು. ಇದು ಸುಳ್ಳು. ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ವಾದದ ಎಲ್ಲ ಕೆಟ್ಟ ತಂತ್ರಗಳನ್ನೂ ಅಲ್ಲಿ ಕೂತೇ ಕಲಿತಿದ್ದರು ಎಂಬುದು ನನಗೆ ತಿಳಿದದ್ದು ಮಾತ್ರ ತಡವಾಗಿ.

ಹೋಟೆಲು ಇದ್ದ ಜಾಗದಲ್ಲಿ ಟವರು ಎದ್ದಿತು; ಗಂಟೆ ಮಾತ್ರ ಮಾಮನ ಮನೆಗೆ ಬಂತು. ನಮ್ಮ ಹಳೆಯ ಬಿಲ್ಡಿಂಗೂ ರೀಡೆವಲಪ್‌ಮೆಂಟಿಗೆ ಹೋಗಿ, ಲಿಫ್ಟು, ವಾಚ್‌ಮನ್ನು, ಕೆಳಗೊಂದು ಗಾರ್ಡನ್ನು ಎಲ್ಲ ಬಂತು. ಮಾಮ ರಿಟೈರಾದರು. ಅದಾದ ಮೇಲೆ ಬೆನ್ನುನೋವು ಶುರುವಾಯಿತು. ‘ಜೀವಮಾನವಿಡೀ ನಿಂತವನಿಗೆ ಕೂತರೆ ನೋವು ಬಾರದೆ ಇನ್ನೆಂತ’ ಎಂದು ಎಣ್ಣೆ ತಿಕ್ಕಿಸಿಕೊಂಡರು. ನೋವು ಹೋಗಲಿಲ್ಲ. ರಕ್ತ ಪರೀಕ್ಷೆ, ಮೂಳೆಯ ಮಜ್ಜೆಯ ಪರೀಕ್ಷೆ ಎಲ್ಲ ಆಗಿ, ಅದು ಮಜ್ಜೆಯಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಎಂದು ಗೊತ್ತಾಯಿತು.

ನಾನಾಗ ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ಮಾಮಿ ಬಂದು, ‘ಇವರು ಮದ್ದು ಎಂತದ್ದು ಅಂತ ಗೊತ್ತಾಗದೆ ಚುಚ್ಚಿಸಿಕೊಳ್ಳುವುದಿಲ್ಲ ಅಂತ ಕೂತಿದ್ದಾರೆ. ಡಾಕ್ಟರರಿಗೆ ಪುರುಸೊತ್ತಿಲ್ಲ. ನೀನು ಓದುವುದು ಅದನ್ನೇ ಅಲ್ವಾ, ಒಂದು ಸಲ ಹೇಳು ಮಾರಾಯ್ತಿ’ ಎಂದರು. ಒಂದು ಸಲ. ನಂಬಿ ಹೋದೆ.

ಔಷಧಿಯ ಹೆಸರು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಆ ವರ್ಷ ನಾವು ಓದುತ್ತಿದ್ದ ಪಾಠವೇ ಅದು. ನಾನು ಹೇಳಿದ್ದು ಇಷ್ಟು: ನಮ್ಮ ಜೀವಕೋಶದೊಳಗೆ ಪ್ರೋಟೀನುಗಳು ಸದಾ ತಯಾರಾಗುತ್ತಲೇ ಇರುತ್ತವೆ. ಕೆಲವು ತಯಾರಾಗುವಾಗಲೇ ಸೊಟ್ಟಗಾಗುತ್ತವೆ. ಕೆಲವು ಕೆಲಸ ಮಾಡಿ ಮಾಡಿ ಹಾಳಾಗುತ್ತವೆ. ಇನ್ನು ಕೆಲವು ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳ ಕೆಲಸ ಮುಗಿದಿರುತ್ತದೆ. ಮುಗಿದ ಮೇಲೂ ಉಳಿದರೆ ಅಪಾಯ. ಇವನ್ನೆಲ್ಲ ಕೋಶ ಗುರುತು ಹಿಡಿದು, ಯೂಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಚೀಟಿಯ ಹಾಗೆ ಅಂಟಿಸುತ್ತದೆ. ಚೀಟಿ ಬಿದ್ದದ್ದು ಪ್ರೋಟಿಯಾಸೋಮ್ ಎಂಬ ಕೊಳವೆಯಂಥ ಯಂತ್ರದೊಳಗೆ ಹೋಗಿ ತುಂಡು ತುಂಡಾಗುತ್ತದೆ. ಆ ತುಂಡುಗಳಿಂದ ಮತ್ತೆ ಹೊಸ ಪ್ರೋಟೀನು.

ಮಾಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, ‘ಒಂದು ಚೀಟಿ ಬಿದ್ದರೆ ಮುಗೀತಾ?’

‘ಇಲ್ಲ ಮಾಮ. ಒಂದು ಸಾಲುವುದಿಲ್ಲ. ಸಾಮಾನ್ಯವಾಗಿ ಒಂದರ ಬಾಲಕ್ಕೊಂದು ಸರಪಣಿಯ ಹಾಗೆ ಬೀಳಬೇಕು.’

‘ತಪ್ಪಿ ಅಂಟಿಸಿದರೆ?’

‘ಕಿತ್ತು ತೆಗೆಯುವ ಕೆಲಸದವರೂ ಇದ್ದಾರೆ.’

‘ಹಾಗಾದರೆ ಒಳ್ಳೆಯ ವ್ಯವಸ್ಥೆ ಉಂಟು,’ ಎಂದು ಮಾಮ ತಲೆಯಾಡಿಸಿದರು. ‘ಒಂದು ಗಂಟೆ ಹೊಡೆದ ಕೂಡಲೇ ಇಳಿಸುವುದಲ್ಲ. ನ್ಯಾಯ ಉಂಟು.’

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಹೋಟೆಲಿನವರಿಗೆ ಕಸ ಹೊರಹಾಕುವುದು ಅರ್ಥವಾಗದೆ ಇರುತ್ತದೆಯೇ? ಮಾಮನ ಧರ್ಮವೇ ಅದು. ನಿನ್ನೆಯದು ಇವತ್ತಿಗಿಲ್ಲ. ಉಳಿದ ಚಟ್ನಿಗೆ ಹೊಸ ಒಗ್ಗರಣೆ ಹಾಕಿದ ಅಡುಗೆಯವನನ್ನು ಎಲ್ಲರೆದುರೇ ಬೈದು ಕಳಿಸಿದವರು. ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ತೆಂಗಿನಕಾಯಿ ಯಾವಾಗ ಒಡೆದದ್ದು ಎಂದು ಹೇಳುತ್ತಿದ್ದರು. ಅವರ ನಾಲಿಗೆಗೆ ಇಡೀ ಹೋಟೆಲು ಹೆದರುತ್ತಿತ್ತು. ಮನೆಯಲ್ಲಿ ಮಾಮಿಯ ಪಾಡು ಕೇಳುವುದೇ ಬೇಡ; ಉಪ್ಪು ಒಂದು ಹರಳು ಹೆಚ್ಚಾದರೂ ಬಟ್ಟಲು ಸದ್ದಿಲ್ಲದೆ ಮುಂದಕ್ಕೆ ಸರಿಯುತ್ತಿತ್ತು.

ತೊಂದರೆ ಬಂದದ್ದು ಮುಂದಿನ ವಾಕ್ಯದಲ್ಲಿ. ಈ ಮದ್ದು ಆ ಕೊಳವೆಯನ್ನು ಜಾಮ್ ಮಾಡುತ್ತದೆ ಎಂದೆ.

‘ಎಂತ ಮಾಡ್ತದೆ?’

‘ಮುಚ್ಚುತ್ತದೆ. ಕಸ ಹೊರಹೋಗದ ಹಾಗೆ.’

ಮಾಮ ಮಾಮಿಯ ಮುಖ ನೋಡಿದರು. ಮಾಮಿ ನನ್ನ ಮುಖ ನೋಡಿದರು. ನಾನು ಗಡಿಬಿಡಿಯಲ್ಲಿ ಉಳಿದದ್ದನ್ನೂ ಹೇಳಿದೆ. ನಿಮ್ಮ ಮಜ್ಜೆಯಲ್ಲಿ ಹದ ತಪ್ಪಿ ಬೆಳೆದಿರುವ ಕೋಶಗಳು ಇವೆಯಲ್ಲ, ಅವುಗಳ ಹುಟ್ಟುಗುಣವೇ ರಾಶಿ ರಾಶಿ ಪ್ರೋಟೀನು ತಯಾರಿಸುವುದು. ರೋಗದ ಜೊತೆ ಹೋರಾಡಲಿಕ್ಕೆ ಎಂದು ಇದ್ದವು; ಈಗ ತಲೆಕೆಟ್ಟು ಕೆಲಸಕ್ಕೆ ಬಾರದ್ದನ್ನೇ ತಯಾರಿಸುತ್ತಿವೆ. ಹೆಚ್ಚು ಅಡುಗೆ ಮಾಡುವವರಲ್ಲಿ ಹೆಚ್ಚು ಕಸ. ಮೋರಿ ಕಟ್ಟಿದರೆ ಮೊದಲು ಮುಳುಗುವುದು ಅವೇ. ತಮ್ಮ ಕಸದಲ್ಲಿ ತಾವೇ ಉಸಿರುಗಟ್ಟಿ ಸಾಯುತ್ತವೆ.

‘ಅಂದರೆ, ಮೈಯೊಳಗೆ ಕಸ ತುಂಬಿಸುವ ಮದ್ದು,’ ಎಂದರು ಮಾಮ.

‘ಮೈಯೊಳಗೆ ಅಲ್ಲ, ಕೆಟ್ಟ ಕೋಶದೊಳಗೆ.’

‘ಒಳ್ಳೆಯ ಕೋಶದಲ್ಲಿ ಈ ಕೊಳವೆ ಇಲ್ಲವಾ?’

‘ಇದೆ.’

‘ಅದನ್ನು ಮುಚ್ಚುವುದಿಲ್ಲವಾ?’

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ‘ಸ್ವಲ್ಪ ಮುಚ್ಚುತ್ತದೆ. ಅದಕ್ಕೇ ಕೈಕಾಲು ಜುಮ್ಮೆನ್ನುವುದು, ಸುಸ್ತು, ಎಲ್ಲ ಬರಬಹುದು. ಆದರೆ ಒಳ್ಳೆಯವು ತಡೆದುಕೊಳ್ಳುತ್ತವೆ, ಕೆಟ್ಟವು ತಡೆದುಕೊಳ್ಳುವುದಿಲ್ಲ. ಈ ವ್ಯತ್ಯಾಸವೇ ಮದ್ದು.’

‘ಒಬ್ಬ ಅಡುಗೆಯವ ಸರಿ ಇಲ್ಲ ಅಂತ ಇಡೀ ಗಲ್ಲಿಯ ಮೋರಿ ಮುಚ್ಚುವುದು,’ ಎಂದು ಮಾಮ ಎದ್ದು ಒಳಗೆ ಹೋದರು. ನನ್ನ ಹೋಲಿಕೆಯನ್ನು ನನ್ನ ಕೈಯಿಂದಲೇ ಕಸಿದುಕೊಂಡು ನನಗೇ ಹೊಡೆದಿದ್ದರು. ಅವತ್ತೇ ಅಂದುಕೊಂಡೆ, ಹೋಲಿಕೆ ಎಂಬುದು ಬಾಡಿಗೆ ರಿಕ್ಷಾ ಇದ್ದ ಹಾಗೆ, ಯಾರು ಹತ್ತಿ ಕೂತರೂ ಹೊರಡುತ್ತದೆ.

ಆದರೂ ಚುಚ್ಚಿಸಿಕೊಂಡರು. ಹೊಟ್ಟೆಯ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ಗೊಣಗಿಕೊಂಡೇ ಹೋಗಿ, ಗೊಣಗಿಕೊಂಡೇ ಬರುತ್ತಿದ್ದರು. ಡಾಕ್ಟರು ಹೇಳಿದ್ದ ಪಥ್ಯ ಹೆಚ್ಚೇನಿರಲಿಲ್ಲ. ಗ್ರೀನ್ ಟೀ ಕುಡಿಯಬೇಡಿ, ವಿಟಮಿನ್ ಸಿ ಗುಳಿಗೆ ನುಂಗಬೇಡಿ, ಇವು ಮದ್ದನ್ನು ಹಿಡಿದುಕೊಂಡು ಕೆಲಸ ಮಾಡಲು ಬಿಡದೆ ಇರಬಹುದು ಎಂದಿದ್ದರು. ಕ್ಯಾನ್ಸರಿನವರಿಗೆ ಹೇಳುವ ನೂರೆಂಟು ‘ಬೇಡ’ಗಳಲ್ಲಿ ಇದೂ ಒಂದು ಎಂದು ಮಾಮ ಅಲ್ಲೇ ಬಿಟ್ಟು ಬಂದಿದ್ದರು.

ಮಾಮ ನನ್ನ ಕೈಗೆ ಸಿಕ್ಕಿಬಿದ್ದದ್ದು ಆಸ್ಪತ್ರೆಯಲ್ಲೇ. ಒಂದು ದಿನ ಮಾಮಿಗೆ ಜ್ವರವೆಂದು ನಾನು ಜೊತೆಗೆ ಹೋಗಿದ್ದೆ. ಲೋಕಲ್ ಟ್ರೇನಿನಲ್ಲಿ ನೂಕಿಸಿಕೊಂಡು, ಇಳಿದು, ಸಾಲಿನಲ್ಲಿ ಕೂತಿದ್ದೆವು. ಮಾಮ ಚೀಲದಿಂದ ಸ್ಟೀಲಿನ ಬಾಟಲಿ ತೆಗೆದು ಮುಚ್ಚಳಕ್ಕೆ ಏನೋ ಸುರಿದುಕೊಂಡರು. ನೀರಲ್ಲ, ಚಾವೂ ಅಲ್ಲ. ಮೂಸಿ ನೋಡಿದೆ.

‘ಮಾಮ, ಇದೇನು?’

‘ಗ್ರೀನ್ ಟೀ. ಕಾಕಾ ಕೊಟ್ಟು ಕಳಿಸಿದ್ದು. ಒಳಗೆಲ್ಲ ಕ್ಲೀನ್ ಮಾಡ್ತದಂತೆ.’

ಕಾಕಾ ಎಂದರೆ ನಮ್ಮ ಮೇಲಿನ ಮಾಳಿಗೆಯ ಮರಾಠಿ ಯಜಮಾನರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಬೆಳಿಗ್ಗೆ ಗಾರ್ಡನ್ನಿನಲ್ಲಿ ಅವರದೊಂದು ವಾಕಿಂಗ್ ಗ್ರೂಪ್. ಒಬ್ಬರು ಇಂಜಿನಿಯರು, ಒಬ್ಬರು ಗುಜರಾತಿ ವ್ಯಾಪಾರಿ, ಹೀಗೆ. ನಡೆದಾದ ಮೇಲೆ ಬೆಂಚಿನಲ್ಲಿ ಕೂತು ಫ್ಲಾಸ್ಕಿನಿಂದ ಗ್ರೀನ್ ಟೀ. ದೇಹದ ಕಲ್ಮಶವೆಲ್ಲ ಕರಗಿ ಹೋಗುತ್ತದೆ ಎಂದು ಅವರ ವಾಟ್ಸಾಪ್ ಗ್ರೂಪಿನಲ್ಲಿ ದಿನವೂ ಸೂರ್ಯೋದಯದ ಚಿತ್ರದ ಮೇಲೆ ಬರೆದು ಕಳಿಸುತ್ತಿದ್ದರು. ಮಾಮ ರಿಟೈರಾದ ಮೇಲೆ ಈ ಗುಂಪಿಗೆ ಸೇರಿದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಒಂದು ಕಡೆ ಡಾಕ್ಟರು ಆ ಕೊಳವೆ ಮುಚ್ಚಲು ಇಷ್ಟು ಕಷ್ಟಪಟ್ಟು ಮದ್ದು ಕೊಡುತ್ತಿದ್ದಾರೆ. ಇನ್ನೊಂದು ಕಡೆ ಈ ಮನುಷ್ಯ ಆ ಮದ್ದನ್ನೇ ಕಟ್ಟಿಹಾಕಬಹುದಾದ ಕಷಾಯವನ್ನು ಆಸ್ಪತ್ರೆಯ ಬೆಂಚಿನ ಮೇಲೇ ಕೂತು ಕುಡಿಯುತ್ತಿದ್ದಾರೆ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಬಾಟಲಿ ಕಿತ್ತುಕೊಂಡು ವಾಶ್‌ಬೇಸಿನ್ನಿಗೆ ಸುರಿದೆ. ಮಾಮನಿಗೆ ಕೋಪ ಬಂತು.

‘ಒಬ್ಬರು ಕೊಟ್ಟದ್ದನ್ನು ಚೆಲ್ಲುವುದಾ?’

‘ವಿಷ ಕೊಟ್ಟರೆ?’

‘ವಿಷವಾ? ಚೀನಾದಲ್ಲಿ ಕುಡಿದವರೆಲ್ಲ ಸತ್ತು ಹೋದರಾ?’

‘ಅವರೆಲ್ಲ ಈ ಇಂಜೆಕ್ಷನ್ ತಗೊಂಡಿದ್ದಾರಾ?’

ಪಕ್ಕದಲ್ಲಿ ಕೂತಿದ್ದ ರೋಗಿಯೊಬ್ಬರು ಎದ್ದು ಬೇರೆ ಕುರ್ಚಿಗೆ ಹೋದರು.

ಅಲ್ಲಿಂದ ಶುರುವಾದದ್ದು ವಾರಗಟ್ಟಲೆ ನಡೆಯಿತು. ನನ್ನ ಜೀವನದಲ್ಲಿ ಅಂಥ ಎದುರಾಳಿಯನ್ನು ನೋಡಿಲ್ಲ. ಪ್ರಶ್ನೆ ಕೇಳಿದರೆ ಉತ್ತರವಾಗಿ ಪ್ರಶ್ನೆ. ಉತ್ತರ ಕೊಟ್ಟರೆ ವಿಷಯ ಬದಲು. ಸೋಲುವ ಹಾಗೆ ಕಂಡರೆ ‘ಟೈಮಾಯ್ತು’ ಎಂದು ಮೇಜನ್ನು ಬೆರಳಿನಿಂದ ಕುಟ್ಟುವುದು. ಕೆಲವು ದಿನ ‘ಬಿಟ್ಟಿದ್ದೇನೆ’ ಎಂದು ಹೇಳಿ, ಮರುದಿನ ಬೆಳಿಗ್ಗೆ ನಾನು ಬಾಲ್ಕನಿಯಿಂದ ನೋಡಿದರೆ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕಪ್ ಎತ್ತುತ್ತಿರುತ್ತಿದ್ದರು. ಕಾಕಾ ಏನೋ ಹೇಳುವುದು, ಇವರು ನಗುವುದು. ಮೇಲಿನಿಂದ ನೋಡುತ್ತಾ ನಾನು ಹಲ್ಲು ಕಡಿಯುವುದು. ಕೆಳಗಿಳಿದು ಕಾಕಾರಿಗೇ ಹೇಳಿಬಿಡುತ್ತೇನೆ ಎಂದರೆ ಮಾಮಿ ಕೈ ಹಿಡಿದುಕೊಂಡರು. ‘ಬೇಡ. ಕಾಯಿಲೆ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ. ರಕ್ತ ಕಡಿಮೆ ಅಂತ ಮಾತ್ರ ಹೇಳಿದ್ದಾರೆ. ನೀನು ಹೇಳಿದರೆ ಇವರು ನನ್ನನ್ನು ಬಿಡುವುದಿಲ್ಲ.’

ಕ್ಯಾನ್ಸರ್ ಎಂದು ಹೇಳಿಕೊಳ್ಳಲಿಕ್ಕೆ ನಾಚಿಕೆ, ಕ್ಯಾನ್ಸರ್ ಮದ್ದನ್ನು ಹಾಳು ಮಾಡಲಿಕ್ಕೆ ಇಲ್ಲ. ಇದಕ್ಕೆ ಏನು ಹೇಳುವುದು…

ಕೊನೆಗೆ ಮಾಮನೇ ಸವಾಲು ಹಾಕಿದರು. ‘ದಿನಾ ಜಗಳ ಬೇಡ. ಒಂದು ಸರಿಯಾದ ಚರ್ಚೆ ಆಗಲಿ. ಸೋತವರು ಸುಮ್ಮನಿರಬೇಕು.’

ವಿಷಯ: ಈ ಮದ್ದು ತೆಗೆದುಕೊಳ್ಳುವವರು ಗ್ರೀನ್ ಟೀ ಕುಡಿಯಬಾರದು. ಪರ, ನಾನು. ವಿರೋಧ, ಮಾಮ. ತೀರ್ಪುಗಾರರು, ಹರಿವೆ ಸೊಪ್ಪು ಬಿಡಿಸುತ್ತಾ ನೆಲದ ಮೇಲೆ ಕೂತಿದ್ದ ಮಾಮಿ. ಸಮಯಪಾಲಕರು, ಮತ್ತೆ ಮಾಮನೇ. ಎದುರಾಳಿಯೇ ಗಂಟೆ ಹೊಡೆಯುವುದು ಯಾವ ಊರಿನ ನ್ಯಾಯ ಎಂದು ನಾನು ತಕರಾರು ತೆಗೆದೆ. ‘ಈ ಮನೆಯಲ್ಲಿ ಗಂಟೆ ಹೊಡೆಯಲಿಕ್ಕೆ ಬರುವುದು ನನಗೆ ಒಬ್ಬನಿಗೇ’ ಎಂದರು. ತಕರಾರು ವಜಾ.

ನಾನು ನೇರವಾಗಿ ಹೋದೆ. ಗ್ರೀನ್ ಟೀಯಲ್ಲಿರುವ ಒಂದು ಅಂಶ ಈ ಮದ್ದಿಗೆ ನೇರ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮದ್ದು ಕೊಳವೆಯ ಬಾಯಿಗೆ ಹೋಗಿ ಕೂರಲು ಆಗುವುದಿಲ್ಲ. ಪ್ರಯೋಗಶಾಲೆಯ ಕೋಶಗಳಲ್ಲಿ ಇದನ್ನು ನೋಡಿದ್ದಾರೆ, ಇಲಿಗಳಲ್ಲಿ ನೋಡಿದ್ದಾರೆ.

ಟಿಂಗ್. ‘ಮನುಷ್ಯರಲ್ಲಿ?’

‘ಮಧ್ಯೆ ಪ್ರಶ್ನೆ ಕೇಳುವ ಹಾಗಿಲ್ಲ.’

‘ಸಮಯಪಾಲಕ ಕೇಳಬಹುದು. ಮನುಷ್ಯರಲ್ಲಿ ನೋಡಿದ್ದಾರಾ?’

‘ಅಷ್ಟು ಖಚಿತವಾಗಿ ಇಲ್ಲ. ನೋಡುವುದು ಹೇಗೆ ಮಾಮ? ಕ್ಯಾನ್ಸರ್ ಇರುವ ಕೆಲವರಿಗೆ ಬೇಕಂತಲೇ ಚಾ ಕುಡಿಸಿ, ಮದ್ದು ಕೆಡುತ್ತದಾ ನೋಡೋಣ ಎಂದು ಯಾವ ಡಾಕ್ಟರು ಕೂರುತ್ತಾರೆ? ನೀವು ಕೂರುತ್ತೀರಾ?’

‘ನಾನು ಕೂತೇ ಇದ್ದೇನಲ್ಲ,’ ಎಂದರು ಮಾಮ.

ಮಾಮಿಗೆ ನಗು ಬಂತು. ತೀರ್ಪುಗಾರರು ನಗಬಾರದು ಎಂದು ನಾನು ಎಚ್ಚರಿಸಿದೆ.

ಮಾಮನ ಸರದಿ. ಕಾಕಾ ಈ ವಯಸ್ಸಿನಲ್ಲೂ ಮೆಟ್ಟಿಲು ಹತ್ತುತ್ತಾರೆ ಎಂದರು. ಇಲಿಗೆ ಆದದ್ದು ಮನುಷ್ಯನಿಗೆ ಆಗಬೇಕು ಅಂತ ಉಂಟಾ ಎಂದರು. ಕಸ ಹೊರಗೆ ಹೋಗಬೇಕು, ಒಳಗೆ ಇರಬಾರದು, ಇದನ್ನು ಒಪ್ಪದ ವಿಜ್ಞಾನ ವಿಜ್ಞಾನವೇ ಅಲ್ಲ ಎಂದು ಕೈಯೆತ್ತಿ ಹೇಳಿದರು. ತನ್ನ ಸಮಯ ಮುಗಿದ ಮೇಲೂ ಗಂಟೆ ಹೊಡೆದುಕೊಳ್ಳಲಿಲ್ಲ.

ನಾನು ಖಂಡನೆಗೆ ಎದ್ದೆ. ‘ಒಂದೇ ಮಾತು ಕೇಳುತ್ತೇನೆ. ಚಾ ಬಿಟ್ಟರೆ, ನನ್ನ ಮಾತು ತಪ್ಪಾಗಿದ್ದರೆ, ನಿಮಗೆ ನಷ್ಟ ಏನು? ಏನೂ ಇಲ್ಲ. ಚಾ ಕುಡಿದರೆ, ನಿಮ್ಮ ಮಾತು ತಪ್ಪಾಗಿದ್ದರೆ, ನಷ್ಟ ಏನು? ಜೀವ. ಬಿಡುವುದರಿಂದ ನಿಮಗೆ ಆಗುವ ಒಂದು ನಷ್ಟ ಹೇಳಿ, ಒಂದೇ ಒಂದು, ನಾನು ಇಲ್ಲಿಗೇ ನಿಲ್ಲಿಸುತ್ತೇನೆ.’

ಮಾಮ ಬಾಯಿ ತೆರೆದರು. ಮಾಮಿಯನ್ನು ನೋಡಿದರು. ಆಮೇಲೆ ಗಂಟೆಯನ್ನು ಟವೆಲಿನಲ್ಲಿ ಸುತ್ತತೊಡಗಿದರು.

‘ಇವಳು ಗೆದ್ದಳು,’ ಎಂದರು ಮಾಮಿ, ಸೊಪ್ಪಿನಿಂದ ತಲೆಯೆತ್ತದೆ. ‘ನಾಳೆಯಿಂದ ಆ ಚಾ ಬಂದ್.’

ತೀರ್ಪುಗಾರರ ತೀರ್ಮಾನವೇ ಅಂತಿಮ ಎಂದು ಪ್ರತಿ ಸ್ಪರ್ಧೆಗೂ ಮೊದಲು ಮೈಕಿನಲ್ಲಿ ಹೇಳುತ್ತಿದ್ದವರು ಮಾಮನೇ. ಮಾತಿಗೆ ತಪ್ಪಲಿಲ್ಲ. ಒಂದೆರಡು ದಿನದಲ್ಲೇ ಬೆಂಚಿನಲ್ಲೂ ಕಾಣದಾದರು. ಬೆಳಿಗ್ಗೆ ನಮ್ಮ ಮಹಡಿಯ ಪ್ಯಾಸೇಜಿನಲ್ಲೇ ಲಿಫ್ಟಿನಿಂದ ಕಿಟಕಿಗೆ, ಕಿಟಕಿಯಿಂದ ಲಿಫ್ಟಿಗೆ ನಡೆಯುತ್ತಿದ್ದರು. ಗಾರ್ಡನ್ನಿಗೆ ಯಾಕೆ ಹೋಗುವುದಿಲ್ಲ ಎಂದರೆ, ‘ಕಾಲು ಜುಮ್ಮೆನ್ನುತ್ತದೆ, ನಿನ್ನ ಮದ್ದಿನ ದೆಸೆಯಿಂದ’ ಎಂದರು. ಜುಮ್ಮೆನ್ನುತ್ತಿದ್ದದ್ದು ನಿಜ. ನಾನು ನಂಬಿದೆ.

ಮದ್ದು ಹಿಡಿಯಿತು. ರಿಪೋರ್ಟಿನ ಅಂಕಿಗಳು ಇಳಿದವು. ಬೆನ್ನುನೋವು ಹೋಯಿತು. ಮಾಮಿ ನಮ್ಮ ಮನೆಗೆ ಪತ್ರೊಡೆ ಮಾಡಿ ಕಳಿಸಿದರು. ಗ್ರೀನ್ ಟೀ ಬಿಟ್ಟದ್ದರಿಂದಲೇ ಹಿಡಿಯಿತು ಎಂದು ನಾನು ಹೇಳುವುದಿಲ್ಲ, ಒಬ್ಬ ರೋಗಿಯಿಂದ ಅದನ್ನು ಸಾಬೀತು ಮಾಡಲಿಕ್ಕೆ ಆಗುವುದಿಲ್ಲ. ಹಾಗೆ ಹೇಳಿಬಿಡಬೇಕೆಂಬ ಆಸೆಯೇನೋ ಬಹಳ ಇತ್ತು. ಆ ವರ್ಷ ಸಂಘದ ಸ್ಪರ್ಧೆಗೂ ಮಾಮ ಬಂದರು. ಬೆರಳು ಮರಗಟ್ಟಿದ್ದರಿಂದ ಗಂಟೆ ಒತ್ತಿದ್ದು ತಮಗೇ ತಿಳಿಯದೆ ಮತ್ತೆ ಮತ್ತೆ ಒತ್ತಿದರು. ಭಾಷಣ ಶುರು ಮಾಡಿದ್ದ ಹುಡುಗಿ ಹೆದರಿ ಕೂತೇಬಿಟ್ಟಳು. ಎಲ್ಲರೂ ನಕ್ಕರು, ಮಾಮನೂ ನಕ್ಕರು.

ಕಾಯಿಲೆ ಸುಮ್ಮನೆ ಕೂತಿರಲಿಲ್ಲ. ಕೆಲವು ಕೆಟ್ಟ ಕೋಶಗಳು ಮೋರಿ ಕಟ್ಟಿದರೂ ಬದುಕುವುದನ್ನು ಕಲಿಯುತ್ತವೆ. ಕಲಿತವು ಉಳಿದು ಬೆಳೆಯುತ್ತವೆ. ಇದೂ ಪಾಠದಲ್ಲಿತ್ತು, ಕೊನೆಯ ಪುಟಗಳಲ್ಲಿ. ಬೇರೆ ಮದ್ದು ಕೊಟ್ಟರು, ಅದೂ ಸ್ವಲ್ಪ ಕಾಲ… ಮಳೆಗಾಲ ಮುಗಿಯುವ ಹೊತ್ತಿಗೆ ಮಾಮ ಹೋದರು.

ಸೊಸೈಟಿಯ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಗಾರ್ಡನ್ ಗ್ರೂಪಿನವರು ಬಿಳಿ ಬಟ್ಟೆಯಲ್ಲಿ ಸಾಲಾಗಿ ಬಂದು ಕೂತರು. ಕಾಕಾ ಎದ್ದು ಹಿಂದಿಯಲ್ಲಿ ಮಾತಾಡಿದರು. ‘ಕ್ಯಾನ್ಸರ್ ಎಂದು ನಮಗೆ ಇವತ್ತು ಗೊತ್ತಾಯಿತು. ನಮ್ಮ ಜೊತೆ ಇರುವವರೆಗೆ ಎಷ್ಟು ಚೆನ್ನಾಗಿದ್ದರು. ಗ್ರೂಪ್ ಬಿಟ್ಟರು, ಗ್ರೀನ್ ಟೀ ಬಿಟ್ಟರು, ಆಮೇಲೆ ನೋಡಿ ಹೀಗಾಯಿತು. ನೇಮ ಬಿಡಬಾರದು.’

ನಾನು ಎದ್ದು ನಿಂತೆ. ಏಳದೆ ಇರುವುದು ಹೇಗೆ? ಕೋಳಿ ಕೂಗಿದ್ದರಿಂದ ಬೆಳಗಾಯಿತು ಎನ್ನುವ ವಾದ, ಅದೂ ಮಾಮನ ಫೋಟೋದ ಮುಂದೆ. ಆದರೆ ಕಾಕಾ ಮಾತು ಮುಗಿಸಿರಲಿಲ್ಲ. ‘ಯಾವ ಮಾತಿಗೆ ಬೇಸರವಾಯಿತೋ, ಯಾಕೆ ಬರುವುದು ಬಿಟ್ಟರೋ ತಿಳಿಯಲಿಲ್ಲ,’ ಎಂದರು. ‘ಬಹಳ ದಿನ ಅವರ ಕಪ್ಪಿಗೂ ಹಾಕಿ ಇಡುತ್ತಿದ್ದೆವು. ಬರಬಹುದು ಅಂತ.’

ಮಾಮಿ ನನ್ನ ದುಪಟ್ಟಾ ಹಿಡಿದು ಕೂರಿಸಿದರು.

ಮನೆಗೆ ಬಂದ ಮೇಲೆ ನಾನು ಮಾಮಿಯ ಮೇಲೆ ಹರಿಹಾಯ್ದೆ. ಚಾ ಬೇಡ ಎಂದದ್ದು, ಗಾರ್ಡನ್ನಿಗೆ ಹೋಗಬೇಡಿ ಎಂದು ಯಾರು ಹೇಳಿದ್ದರು? ಅಲ್ಲೇ ಕೂತು ಬಿಸಿನೀರು ಕುಡಿಯಬಹುದಿತ್ತಲ್ಲ?

‘ಹೋಗಿದ್ದರು, ಒಂದು ದಿನ,’ ಎಂದರು ಮಾಮಿ. ‘ಯಾಕೆ ಬೇಡ, ಯಾಕೆ ಬೇಡ ಅಂತ ಎಲ್ಲರೂ ಕೇಳಿದರಂತೆ. ಎಂತ ಹೇಳುವುದು? ಕಾಯಿಲೆ ಅಂತ ಹೇಳಿದರೆ ಆಮೇಲೆ ಅಯ್ಯೋ ಪಾಪ ಅಂತ ಮಾಡ್ತಾರೆ. ಮಾರನೇ ದಿನದಿಂದ ಹೋಗಲಿಲ್ಲ.’

‘ಆ ಸುಡುಗಾಡು ಚಾದ ಮೇಲೆ ಅಷ್ಟು ಪ್ರೀತಿಯಾ?’

‘ಚಾ ಅಲ್ಲ ಮಾರಾಯ್ತಿ.’ ಮಾಮಿ ಚಾಪೆಯ ಮೇಲೆ ಕಾಲು ನೀಡಿ ಕೂತರು. ‘ಹುಡುಗ ಆಗಿದ್ದಾಗಿನಿಂದ ಊರಿನವರಿಗೆಲ್ಲ ಚಾ ಕೊಟ್ಟವರು. ಅಣ್ಣಾ ಇಲ್ಲಿ ಒಂದು ಕಟಿಂಗ್, ಅಣ್ಣಾ ಅಲ್ಲಿ ಎರಡು. ಅಲ್ಲಿ ಕೆಳಗೆ, ಆ ದೊಡ್ಡ ಆಫೀಸರು ಎದ್ದು ನಿಂತು ಇವರ ಕಪ್ಪಿಗೆ ಹಾಕಿ, ಲೀಜಿಯೇ ಸಾಹೇಬ್ ಅಂತ ಕೊಡ್ತಿದ್ದರಂತೆ. ಮೊದಲನೇ ದಿನ ಮೇಲೆ ಬಂದು ನನಗೆ ಹೇಳಿದ್ದು ಅದನ್ನೇ. ಮೂರು ಸಲ ಹೇಳಿದರು.’

ನನಗೆ ಬಂದದ್ದು ಸಿಟ್ಟು. ಇದು ಇವರ ಮುಖ್ಯ ವಾದವಾಗಿತ್ತು. ಒಂದು ನಷ್ಟ ಹೇಳಿ ಎಂದು ನಾನು ಕೇಳಿದ್ದೆ, ಬಾಯಿಬಿಟ್ಟು ಕೇಳಿದ್ದೆ. ಚೀನಾ, ಇಲಿ, ಮೆಟ್ಟಿಲು ಹತ್ತುವ ಕಾಕಾ, ತಮಗೇ ನಂಬಿಕೆ ಇಲ್ಲದ ಎಲ್ಲ ಅಂಶಗಳನ್ನೂ ಮಂಡಿಸಿದರು. ನಿಜವಾದ ಒಂದನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟರು. ಇದು ಯಾವ ಸೀಮೆಯ ಚರ್ಚೆ? ಹೇಳಿದ್ದರೂ ನಾನು ಚಾ ಬಿಡಿಸುತ್ತಿದ್ದೆ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಕೆಳಗೆ ಹೋಗಿ ಕಾಕಾರ ಕಿವಿಯಲ್ಲಿ, ಇವರ ಕಪ್ಪಿಗೆ ಬರೀ ಪುದೀನ ನೀರು ಹಾಕಿ, ಲೀಜಿಯೇ ಸಾಹೇಬ್ ಎನ್ನುವುದನ್ನು ಮಾತ್ರ ಬಿಡಬೇಡಿ ಎಂದು ಹೇಳಿ ಬರಬಹುದಿತ್ತು. ಕಾಕಾ ಕೇಳುತ್ತಿದ್ದರು, ಒಳ್ಳೆಯ ಮನುಷ್ಯ. ಮುಂದಿಡದ ವಾದಕ್ಕೆ ಉತ್ತರ ಕೊಡುವುದು ಯಾರಿಂದ ಸಾಧ್ಯ…

ಮಾಮಿ ಈಗ ತಂಗಿಯ ಮನೆಯ ಹತ್ತಿರವೆಂದು ದಹಿಸರ್‌ಗೆ ಹೋಗಿದ್ದಾರೆ. ಎದುರು ಬಾಗಿಲಿಗೆ ಬೇರೆಯವರು ಬಂದಿದ್ದಾರೆ, ನಮಸ್ಕಾರ ಹೇಳುವಷ್ಟು ಪರಿಚಯ.

ಕಾಂದಿವಲಿಯಿಂದ ಅಮ್ಮನ ರಿಪೋರ್ಟ್ ತಂದ ಮರುದಿನ ಬೆಳಿಗ್ಗೆ ನಾನು ಗಾರ್ಡನ್ನಿಗೆ ಇಳಿದೆ. ಗ್ರೂಪಿನವರು ಬೆಂಚಿನಲ್ಲಿದ್ದರು, ಒಬ್ಬಿಬ್ಬರು ಕಡಿಮೆಯಾಗಿದ್ದಾರೆ. ಕಾಕಾ ಸರಿದು ಜಾಗ ಕೊಟ್ಟರು. ಏನೂ ಕೇಳದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಎದ್ದು ನಿಂತು, ಕಪ್ಪಿಗೆ ಹಾಕಿ ಕೊಟ್ಟರು.

ಕುಡಿದೆ. ಕುದಿಸಿದ ಹುಲ್ಲು. ಅದೂ ತಣಿದು ಒಗರಾಗಿ, ಫ್ಲಾಸ್ಕಿನ ರಬ್ಬರಿನ ವಾಸನೆ ಬೇರೆ.

‘ಹೇಗಿದೆ ಬೇಟಾ?’

‘ಚೆನ್ನಾಗಿಲ್ಲ ಕಾಕಾ.’

ಕಾಕಾ ನಕ್ಕರು. ‘ನಿನ್ನ ಮಾಮ ದಿನಾ ಕಪ್ ಖಾಲಿ ಮಾಡಿ ಒಂದೇ ಮಾತು ಹೇಳುತ್ತಿದ್ದರು. ಏಕ್‌ದಮ್ ಫಸ್ಟ್ ಕ್ಲಾಸ್.’

ನಾನು ಕಪ್ಪಿನೊಳಗೆ ನೋಡಿದೆ. ಮಾಮ ಈ ಹೊತ್ತು ಎಲ್ಲಾದರೂ ಸಿಕ್ಕಿದ್ದರೆ ಅಲ್ಲೇ ನಿಲ್ಲಿಸಿ ಕೇಳುತ್ತಿದ್ದೆ, ಇದಾ ಫಸ್ಟ್ ಕ್ಲಾಸು, ಇದಾ, ಎಂದು. ಜಗಳ ಪೂರ್ತಿ ತಯಾರಾಗಿ ಗಂಟಲಿನಲ್ಲಿ ಕೂತಿತ್ತು. ಆಡಲಿಕ್ಕೆ ಆ ಕಡೆಯವರು ಇಲ್ಲ.

ಉಳಿದದ್ದನ್ನು ಕುಡಿದು ಮುಗಿಸಿದೆ.